ಗಂಗಾಧರಣ್ಣ ಸ್ವಿಚ್ ಆರಿಸಿದ ಕಥೆಗೆ ನನ್ನ ಆಕ್ಷೇಪ

ಬಿ.ಸಿ.ರೋಡಿನಲ್ಲಿ ಹುಟ್ಟಿ, ಬಸ್ಸು ಹತ್ತಿ, ಈಗ ಮುಂಡಾಜೆಯವರೆಗೂ ತಲುಪಿರುವ ಕಥೆ ಹೀಗೆ ಹೇಳುತ್ತದೆ: ಇಬ್ಬರು ಹುಡುಗಿಯರು ಮೊಬೈಲ್ ಆಪ್ ಮಾಡುತ್ತೇವೆಂದು ಕಂಪ್ಯೂಟರಿನ ಮುಂದೆ ಕೂತಿದ್ದರಂತೆ. ಬೆಳಗ್ಗಿನಿಂದ ಪರದೆಯ ಮೇಲೆ ಬರೀ ಕೆಂಪು ಅಕ್ಷರಗಳಂತೆ. ಅವರು ಇಂಗ್ಲಿಷಿನಲ್ಲಿ ಏನೇನೋ ಓದಿ, ಒಬ್ಬರಿಗೊಬ್ಬರು ಬೈದುಕೊಂಡು, ಇನ್ನು ಅಳುವುದೊಂದು ಬಾಕಿ ಎನ್ನುವಾಗ ಬಸ್ಸಿನ ಧಣಿ ಗಂಗಾಧರಣ್ಣ ಒಳಗೆ ಬಂದರಂತೆ. ಒಮ್ಮೆ ನೋಡಿದರಂತೆ. ಏನೂ ಮಾತಾಡದೆ ಗೋಡೆಯ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿದರಂತೆ. ಆಪ್ ಓಡಿತಂತೆ. ಈ ಕಥೆಯಲ್ಲಿ ಎಷ್ಟು 'ಅಂತೆ'ಗಳಿವೆ ಎಂಬುದನ್ನು ದಯವಿಟ್ಟು ಗಮನಿಸಿ. ಅಂತೆಗಳ ಮೇಲೆ ನಿಂತ ವಾದವನ್ನು ಯಾವ ತೀರ್ಪುಗಾರರೂ ಒಪ್ಪಲಾರರು. ಅದರಲ್ಲೂ "ಏನೂ ಮಾತಾಡದೆ" ಎಂಬ ಭಾಗವನ್ನು, ಗಂಗಾಧರಣ್ಣನನ್ನು ಒಮ್ಮೆಯಾದರೂ ಕಂಡವರು ಒಪ್ಪಲೇಬಾರದು.

ನಾನು ಈ ಕಥೆಯನ್ನು ಮೊದಲು ಕೇಳಿದ್ದು ಮುಂಡಾಜೆಯಲ್ಲಿ, ನೆಂಟರ ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ನನ್ನ ಬಲಗಡೆ ಕೂತಿದ್ದ ಹಿರಿಯರೊಬ್ಬರು, ನನ್ನ ಪರಿಚಯವಿಲ್ಲದವರು, ಸಾರು ಅನ್ನದಲ್ಲಿ ಶುರುಮಾಡಿ ಪಾಯಸಕ್ಕೆ ಸರಿಯಾಗಿ ಮುಗಿಯುವ ಹಾಗೆ ಕಥೆಯನ್ನು ಹದವಾಗಿ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ಒಬ್ಬಳು ಪಾಪದವಳು. ಇನ್ನೊಬ್ಬಳದ್ದು ಬರೀ ಬಾಯಿ ಅಂತೆ," ಎಂದರು. ಆ ಬಾಯಿಯಲ್ಲಿ ಆಗ ಹೋಳಿಗೆ ಇತ್ತು. ಬದುಕಿನಲ್ಲಿ ಮೊದಲ ಸಲ ನನಗೆ ಎದುರುತ್ತರ ಕೊಡಲಾಗಲಿಲ್ಲ. ನುಂಗಿ ಮುಗಿಸುವಷ್ಟರಲ್ಲಿ ಅವರು ಕೈ ತೊಳೆಯಲು ಎದ್ದುಹೋಗಿದ್ದರು. ಆ ದಿನ ನುಂಗಿದ ಎದುರುತ್ತರವೇ ಈ ಬರಹ.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಚರ್ಚಾಸ್ಪರ್ಧೆಯವಳು. ಪ್ರೈಮರಿ ಶಾಲೆಯಿಂದ ಮಿಜಾರಿನ ಕಾಲೇಜಿನವರೆಗೆ, ಪರವೆಂದರೆ ಪರ, ವಿರೋಧವೆಂದರೆ ವಿರೋಧ, ಚೀಟಿ ಎತ್ತಿದ ಮೇಲೆ ಪ್ರಾಣ ಹೋದರೂ ಪಕ್ಷ ಬದಲಿಸಿದವಳಲ್ಲ. ನಮ್ಮ ಮನೆಯ ಸ್ಟೀಲು ಪಾತ್ರೆಗಳಲ್ಲಿ ಬಹುಪಾಲು ನಾನು ಗೆದ್ದದ್ದು. ಅಮ್ಮ ಸಾಂಬಾರು ಬಡಿಸುವ ಬೋಗುಣಿ "ದೂರದರ್ಶನದಿಂದ ಮಕ್ಕಳು ಹಾಳಾಗುತ್ತಿದ್ದಾರೆ" ಎಂಬ ವಿಷಯದ ಪರವಾಗಿ ಬಂದದ್ದು. ಅದರ ಮುಚ್ಚಳ ಮರುವರ್ಷ ಅದೇ ವಿಷಯದ ವಿರುದ್ಧವಾಗಿ ಬಂದದ್ದು. ಎರಡೂ ಒಂದಕ್ಕೊಂದು ಸರಿಯಾಗಿ ಕೂತುಕೊಳ್ಳುತ್ತವೆ. ಇಷ್ಟು ಗೆದ್ದರೂ ಅಮ್ಮನದ್ದು ಒಂದೇ ಮಾತು: "ಬಿ.ಎಡ್. ಮಾಡು. ಟೀಚರ್ ಆದ್ರೆ ಹೀಗೆ ಮಾತಾಡ್ಲಿಕ್ಕೆ ಸಂಬಳವೂ ಕೊಡ್ತಾರೆ, ಎದುರು ಮಾತಾಡುವವರೂ ಇರುದಿಲ್ಲ." ಈಗಿನ ಮಕ್ಕಳನ್ನು ಅಮ್ಮ ನೋಡಿಲ್ಲ ಎಂಬುದು ಬೇರೆ ವಿಷಯ.

ಬಿ.ಎಡ್.ನಿಂದ ತಪ್ಪಿಸಿಕೊಳ್ಳಲು ನಾನೂ ನನ್ನ ಕಾಲೇಜಿನ ಗೆಳತಿ ಸನ್ಮತಿಯೂ ಬಿ.ಸಿ.ರೋಡಿನಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಮೊಬೈಲ್ ಆಪ್ ಮಾಡಿಕೊಡುವ ಸಂಸ್ಥೆ ತೆರೆದೆವು. ಸಂಸ್ಥೆ ಎಂದರೆ ಒಂದು ಕಂಪ್ಯೂಟರು, ಎರಡು ಕುರ್ಚಿ, ಕರೆಂಟು ಹೋದಾಗ ಕಿರುಚುವುದು ಬಿಟ್ಟರೆ ಬೇರೇನೂ ಮಾಡದ ಒಂದು ಯುಪಿಎಸ್, ಗೋಡೆಯಲ್ಲಿ ಸರಿಯಾಗಿ ಕೆಲಸ ಮಾಡುವ ಒಂದೇ ಒಂದು ಪ್ಲಗ್ಗು. ಈ ಪ್ಲಗ್ಗನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಸನ್ಮತಿ ಮೂಡುಬಿದಿರೆಯ ಜೈನರ ಮನೆಯವಳು. ಅವರಲ್ಲಿ ಕತ್ತಲಾಗುವ ಮೊದಲು ಊಟ ಆಗಬೇಕು. ಹಾಗಾಗಿ ಅವಳು ಸಿದ್ದಕಟ್ಟೆ ಮಾರ್ಗವಾಗಿ ಊರಿಗೆ ಹೋಗುವ ಸಂಜೆಯ ಬಸ್ಸನ್ನು ಏನೇ ಆದರೂ ತಪ್ಪಿಸುವುದಿಲ್ಲ. ರಾತ್ರಿಯಿಡೀ ಕಣ್ಣು ಕೆಂಪು ಮಾಡಿಕೊಂಡು ಕೂತರೇ ಸಾಫ್ಟ್‌ವೇರ್ ಎಂದು ನಂಬಿದ ಈ ಜಗತ್ತಿನಲ್ಲಿ ಸೂರ್ಯ ಮುಳುಗುವ ಮೊದಲು ಬಾಗಿಲು ಹಾಕುವ ಕಂಪೆನಿ ಬಹುಶಃ ನಮ್ಮದೊಂದೇ.

ನಮಗೆ ಸಿಕ್ಕಿದ ಮೊದಲ ನಿಜವಾದ ಕೆಲಸ ಗಂಗಾಧರಣ್ಣನದ್ದು. ಅದಕ್ಕೆ ಮೊದಲು ಮಾಡಿದ್ದೆಲ್ಲ ನೆಂಟರ ಮಕ್ಕಳ ನಾಮಕರಣದ ಆಮಂತ್ರಣಗಳು. ಗಂಗಾಧರಣ್ಣನಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಓಡುವ ಬಸ್ಸುಗಳಿವೆ. ಬಸ್ಸು ಈಗ ಎಲ್ಲಿದೆ ಎಂದು ಫೋನಿನಲ್ಲಿ ಕಾಣಬೇಕು, ಅದೂ ಬರೀ ಚುಕ್ಕೆಯಾಗಿ ಅಲ್ಲ, ಆಯಾ ಬಸ್ಸಿನ ಚಿತ್ರವೇ ರಸ್ತೆಯ ಮೇಲೆ ಚಲಿಸಬೇಕು ಎಂಬುದು ಅವರ ಆಸೆ. "ಚುಕ್ಕೆ ಓಡಿದ್ರೆ ಜನಕ್ಕೆ ಎಂತ ಗೊತ್ತಾಗ್ತದೆ? ಮೋರೆ ಕಾಣ್ಬೇಕು," ಎಂದಿದ್ದರು. ಮಾತು ಸರಿ. ನಮ್ಮಲ್ಲಿ ಬಸ್ಸಿಗೆ ಮೋರೆ ಉಂಟು. ದೂರದ ತಿರುವಿನಲ್ಲಿ ಮೂತಿ ಕಂಡರೆ ಸಾಕು, ಚೀಲ ಎತ್ತಿಕೊಳ್ಳಬೇಕೋ ಬೇಡವೋ ಎಂದು ನಿಂತವರಿಗೆಲ್ಲ ತಿಳಿಯುತ್ತದೆ.

ಕೆಲಸಕ್ಕೊಂದು ಗಡುವಿತ್ತು. ಅಂದು ಮಧ್ಯಾಹ್ನದ ಮೇಲೆ ಬೆಳ್ತಂಗಡಿಯಲ್ಲಿ ಬಸ್ಸು ಮಾಲೀಕರದ್ದೊಂದು ಸಭೆ. ಗಂಗಾಧರಣ್ಣ ಅಲ್ಲಿಗೆ ತಮ್ಮ ಫೋನಿನಲ್ಲಿ ಆಪ್ ಹಾಕಿಸಿಕೊಂಡೇ ಹೋಗಬೇಕು. ತೋರಿಸಿದರೆ ಉಳಿದ ಮಾಲೀಕರ ಬಸ್ಸುಗಳೂ ನಮಗೆ. ತೋರಿಸದಿದ್ದರೆ ಮಂಗಳೂರಿನಲ್ಲಿ ಇದೇ ಕೆಲಸಕ್ಕೆ ಏಸಿ ಹಾಕಿಕೊಂಡು ಕೂತಿರುವ ಅವರ ಅಕ್ಕನ ಮಗನಿಗೆ. ಮನೆಯಲ್ಲಿ ನಾನೇ ಬಾಯಿಬಿಟ್ಟು ಮಾತು ಕೊಟ್ಟಿದ್ದೆ: ಈ ಕೆಲಸ ಹೋದರೆ ಮರುಮಾತಿಲ್ಲದೆ ಬಿ.ಎಡ್. ಮರುಮಾತಿಲ್ಲದೆ ಎಂಬ ಪದ ನನ್ನ ಬಾಯಿಂದ ಬಂದದ್ದು ಕೇಳಿ ಅಮ್ಮ ಆ ದಿನ ಬೇಗ ನಿದ್ದೆ ಹೋಗಿದ್ದರು.

ಈಗ ರೋಗದ ವಿಷಯ. ಆಪ್ ಎಂದರೆ ಮದುವೆ ಮನೆಯ ಅಡುಗೆ ಎಂದಿಟ್ಟುಕೊಳ್ಳಿ. ಹೇಗೆ ಮಾಡಬೇಕು ಎಂಬ ವಿಧಾನ ಬರೆಯುವವಳು ನಾನು. ಅದಕ್ಕೆ ಬೇಕಾದ ಚಿತ್ರ, ಬಣ್ಣ, ಅಕ್ಷರ ಎಂಬ ಸಾಮಾನು ತಂದು ಜೋಡಿಸುವವಳು ಸನ್ಮತಿ. ಈ ಸಾಮಾನಿಗೆ ರಿಸೋರ್ಸ್ ಎನ್ನುತ್ತಾರೆ. ವಿಧಾನವನ್ನೂ ಸಾಮಾನನ್ನೂ ಸೇರಿಸಿ ಫೋನಿಗೆ ಬಡಿಸುವ ಹದಕ್ಕೆ ತರುವುದು ಬಿಲ್ಡ್. ಬಿಲ್ಡ್ ಮಾಡುವ ಯಂತ್ರ ಮಹಾ ಶಿಸ್ತಿನ ಅಡುಗೆಯವನು. ಬೆಲ್ಲ ಎಂದು ಬರೆದ ಡಬ್ಬಿಯಲ್ಲಿ ಹುಣಸೆ ಕಂಡರೆ ಉಳಿದೆಲ್ಲ ಸರಿಯಿದ್ದರೂ ಒಲೆಯನ್ನೇ ಹಚ್ಚುವುದಿಲ್ಲ. ಯಾಕೆ ಹಚ್ಚುವುದಿಲ್ಲ ಎಂದು ಕೆಂಪು ಅಕ್ಷರದಲ್ಲಿ ಹೇಳುತ್ತಾನೆ, ಆದರೆ ಪುಟಗಟ್ಟಲೆ ಹೇಳುತ್ತಾನೆ. ನಿಜವಾದ ಕಾರಣ ಅದರ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಮುದುಡಿ ಕೂತಿರುತ್ತದೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ನಾನು ಓದುತ್ತೇನೆ. ಎದುರು ಪಕ್ಷದವರು ಎಷ್ಟೇ ಉದ್ದ ಮಾತಾಡಿದರೂ ಕಿವಿಗೊಟ್ಟು ಕೇಳು, ಅವರ ಸೋಲು ಅವರ ಮಾತಿನೊಳಗೇ ಇರುತ್ತದೆ ಎಂದು ಕಲಿತುಕೊಂಡು ಬಂದವಳು ನಾನು.

ಆ ಬೆಳಿಗ್ಗೆ ಗಂಗಾಧರಣ್ಣ ಕಳಿಸಿದ ಬಸ್ಸಿನ ಫೋಟೋಗಳನ್ನು ಸನ್ಮತಿ ಸಾಮಾನಿನ ಕೋಣೆಗೆ ತುಂಬಿಸಿದಳು. ನಾನು ಬಿಲ್ಡ್ ಒತ್ತಿದೆ. ಕೆಂಪು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕಿರುಚಿತು, ಕಂಪ್ಯೂಟರು ಸತ್ತಿತು. ಸ್ವಲ್ಪ ಹೊತ್ತಿನಲ್ಲಿ ಕರೆಂಟು ಬಂತು, ಕಂಪ್ಯೂಟರು ಎದ್ದಿತು. ಮತ್ತೆ ಒತ್ತಿದೆ. ಅದೇ ಕೆಂಪು. ಈ ಸಂಗತಿಯನ್ನು ತೀರ್ಪುಗಾರರು ವಿಶೇಷವಾಗಿ ಗುರುತು ಮಾಡಿಕೊಳ್ಳಬೇಕೆಂದು ವಿನಂತಿ. ಆರಿಸಿ ಹಾಕುವ ಚಿಕಿತ್ಸೆ, ಯಾರ ಕೈಯೂ ತಾಗದೆ, ಗಂಗಾಧರಣ್ಣ ಮೆಟ್ಟಿಲು ಹತ್ತುವ ಮೊದಲೇ ಒಮ್ಮೆ ನಡೆದಿತ್ತು. ರೋಗ ಹಾಗೆಯೇ ಇತ್ತು.

ಆಮೇಲೆ ಅವರು ಬಂದರು. ಗಂಗಾಧರಣ್ಣನಿಗೊಂದು ಕ್ರಮ ಉಂಟು. ಮೆಟ್ಟಿಲಿನ ಕೊನೆಯವರೆಗೆ ತುಳು, ಬಾಗಿಲು ದಾಟಿದ ಕೂಡಲೇ ಕನ್ನಡ. ಆಫೀಸು ಎಂದ ಮೇಲೆ ಕನ್ನಡವೇ ಮಾತಾಡಬೇಕು ಎಂಬ ಮರ್ಯಾದೆ. ಸಿಟ್ಟು ಬಂದರೆ ಮಾತ್ರ ಒಳಗೂ ತುಳು.

"ಎಂತ ಮೇಡಮ್, ಆಯ್ತಾ?"

"ಆಗ್ತಾ ಉಂಟು ಗಂಗಾಧರಣ್ಣ. ಸಣ್ಣದೊಂದು ಎರರ್."

"ಸಣ್ಣದಾದ್ರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ."

"ದೊಡ್ಡದಾದ್ರೆ?"

"ಎರಡು ಸಲ ಆಫ್ ಮಾಡಿ ಆನ್ ಮಾಡಿ."

ಸನ್ಮತಿ ನಕ್ಕಳು. ನಾನು ನಗಲಿಲ್ಲ. ಆಧಾರವಿಲ್ಲದ ಹೇಳಿಕೆಗೆ ನಗುವುದು ಅದನ್ನು ಅರ್ಧ ಒಪ್ಪಿಕೊಂಡ ಹಾಗೆ. "ಬೆಳಿಗ್ಗೆ ಕರೆಂಟೇ ಹೋಗಿ ಬಂದಿದೆ ಗಂಗಾಧರಣ್ಣ, ಅದರಿಂದ ಸರಿಯಾಗ್ಲಿಲ್ಲ," ಎಂದೆ.

"ಕರೆಂಟ್ ತಾನಾಗಿ ಹೋಗುದು ಬೇರೆ, ನಾವು ತೆಗೆಯುದು ಬೇರೆ. ನಮ್ಮ ಮನೆಯ ಟಿವಿ ಹೀಗೆಯೇ ಸರಿಯಾದ್ದು. ಫ್ರಿಜ್ಜು ಹೀಗೆಯೇ. ನನ್ನ ಭಾವ ಒಮ್ಮೆ ಲೆಕ್ಕಕ್ಕಿಂತ ಜಾಸ್ತಿ ತಿರುಗ್ಲಿಕ್ಕೆ ಶುರುಮಾಡಿದ. ಊರಿಗೆ ಕಳಿಸಿ ತಿಂಗಳು ಬಿಟ್ಟು ಕರೆದೆ. ಈಗ ಸರಿ ಉಂಟು."

"ಹಾಗಾದ್ರೆ ನಿಮ್ಮ ಬಸ್ಸು ಮದುವೆ ಬಾಡಿಗೆಗೆ ಹೋಗಿ ಚಾರ್ಮಾಡಿ ಘಾಟಿ ಹತ್ತುವಾಗ ನಿಂತ್ರೆ ಎಂಜಿನ್ ಬಿಚ್ಚುದು ಯಾಕೆ? ಕೀ ತೆಗೆದು ಹಾಕಿದ್ರೆ ಆಯ್ತಲ್ಲ?"

"ಮೊದ್ಲು ಅದೇ ಮಾಡುದು ಮಾರಾಯ್ತಿ! ಬಿಚ್ಚುದು ಆಮೇಲೆ."

ಒಳ್ಳೆಯ ಉದಾಹರಣೆಯೊಂದು ಹೀಗೆ ನನ್ನ ಮೇಲೆಯೇ ತಿರುಗಿ ಬಿದ್ದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸುತ್ತು ಸೋತರೆ ಸ್ಪರ್ಧೆ ಸೋತಂತಲ್ಲ. "ಕಾರಣ ಗೊತ್ತಾಗದೆ ಈ ಕೋಣೆಯಲ್ಲಿ ಯಾರೂ ಏನನ್ನೂ ಆರಿಸುವ ಹಾಗಿಲ್ಲ," ಎಂದು ಘೋಷಿಸಿದೆ. ಈ ಘೋಷಣೆ ಮುಂದೆ ನನ್ನ ಕುತ್ತಿಗೆಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಗಂಗಾಧರಣ್ಣ ಸನ್ಮತಿಯ ಕುರ್ಚಿಯಲ್ಲಿ ಕೂತರು. ಸನ್ಮತಿ ನಿಂತಳು. ನಾನು ಕೆಂಪು ಅಕ್ಷರಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ.

ಮೊದಲನೆಯ ಕಾರಣ ಸಿಕ್ಕಿತು. ಚಿತ್ರದ ಕಡತದ ಹೆಸರು ಅಕ್ಷರದಿಂದ ಶುರುವಾಗಬೇಕು, ಅಂಕೆಯಿಂದ ಆಗುವಂತಿಲ್ಲ ಎಂದು ಯಂತ್ರದ ತಕರಾರು. ಗಂಗಾಧರಣ್ಣ ಕಳಿಸಿದ ಚಿತ್ರಗಳ ಹೆಸರು ನೋಡಿದರೆ 7_10, 8_25, 9_40. ಇದು ಜಗತ್ತಿನ ಬೇರೆ ಯಾವ ಮೂಲೆಯಲ್ಲಿಯೂ ಆಗುವ ತಪ್ಪಲ್ಲ. ನಮ್ಮಲ್ಲಿ ಬಸ್ಸಿಗೆ ಬೋರ್ಡಿನಲ್ಲೊಂದು ಹೆಸರಿರುತ್ತದೆ, ಆರ್‌ಟಿಓದಲ್ಲೊಂದು ನಂಬರು ಇರುತ್ತದೆ. ಕರೆಯುವುದು ಮಾತ್ರ ಗಂಟೆಯಿಂದ. ಏಳು ಹತ್ತರ ಬಸ್ಸು ದಿನವೂ ಏಳೂ ಇಪ್ಪತ್ತಕ್ಕೆ ಬಂದರೂ ಅದು ಏಳು ಹತ್ತರದ್ದೇ. "ಏಳು ಹತ್ತರದ್ದು ಇವತ್ತು ಹತ್ತು ನಿಮಿಷ ಬೇಗ ಬಂತು, ಏಳು ಹತ್ತಕ್ಕೇ ಬಂತು" ಎಂದು ದೂರುವವರನ್ನು ನಾನೇ ಕಂಡಿದ್ದೇನೆ. ಹುಟ್ಟಿದಂದಿನಿಂದ ಗಂಟೆಯ ಹೆಸರಿನ ಬಸ್ಸಿನಲ್ಲಿ ಓಡಾಡಿದ ಸನ್ಮತಿಯೂ ಅದರಲ್ಲಿ ವಿಚಿತ್ರವೇನೂ ಕಾಣದೆ ಹಾಗೆಯೇ ತುಂಬಿಸಿಬಿಟ್ಟಿದ್ದಳು.

"ಹೆಸರಿನ ಮುಂದೆ ಬಸ್ ಅಂತ ಸೇರಿಸು," ಎಂದೆ. ಸನ್ಮತಿ ನಿಂತಲ್ಲಿಂದಲೇ ಬಗ್ಗಿ ಸೇರಿಸಿದಳು. ಒತ್ತಿದೆ. ಕೆಂಪು.

"ಆಂಡಾ?" ಎಂದರು ಗಂಗಾಧರಣ್ಣ. ಆಯಿತಾ ಎಂದು ತುಳುವಿನಲ್ಲಿ ಕೇಳಿದ್ದು. ಅಂದರೆ ಆಫೀಸಿನ ಮರ್ಯಾದೆ ಸಡಿಲವಾಗುತ್ತಿದೆ ಎಂದರ್ಥ.

"ಇದು ಬೇರೆ ಕೆಂಪು ಗಂಗಾಧರಣ್ಣ. ಹಳೆಯ ಎರರ್ ಹೋಗಿ ಹೊಸದು ಬಂದಿದೆ. ಇದು ಪ್ರಗತಿ."

"ಹಳೆ ಪಂಕ್ಚರ್ ಹಾಕಿದ ಮೇಲೆ ಹೊಸ ಪಂಕ್ಚರ್ ಆದ್ರೆ ನಾವು ಪ್ರಗತಿ ಅನ್ನುದಿಲ್ಲಪ್ಪ."

ಎರಡನೆಯ ತಕರಾರು: ಒಂದೇ ಹೆಸರಿನ ಸಾಮಾನು ಎರಡು ಇವೆ. ಇಣುಕಿ ನೋಡಿದರೆ ನಿಜ. ಬಸ್ 7_10 ಎಂಬ ಚಿತ್ರ ಎರಡು. ಚಿತ್ರದ ಜಾತಿ ಹೇಳುವ ಬಾಲ ಒಂದಕ್ಕೆ ಜೆಪಿಜಿ, ಇನ್ನೊಂದಕ್ಕೆ ಪಿಎನ್‌ಜಿ ಇದ್ದುದರಿಂದ ಒಂದೇ ಪೆಟ್ಟಿಗೆಯಲ್ಲಿ ಜಗಳವಿಲ್ಲದೆ ಕೂತಿದ್ದವು. ಒಂದು ಬಸ್ಸು ಕೆಂಪು, ಒಂದು ಹಸಿರು.

"ಗಂಗಾಧರಣ್ಣ, ಏಳು ಹತ್ತರ ಬಸ್ಸು ಯಾವುದು? ಕೆಂಪಾ, ಹಸಿರಾ?"

"ಎರಡೂ."

"ಎರಡೂ ಹೇಗಾಗ್ತದೆ?"

"ಬೆಳಗ್ಗಿನ ಏಳು ಹತ್ತರದ್ದು ಕೆಂಪು, ಸಂಜೆಯ ಏಳು ಹತ್ತರದ್ದು ಹಸಿರು. ಇದು ಸಿದ್ದಕಟ್ಟೆಯ ಸಣ್ಣ ಮಕ್ಕಳಿಗೂ ಗೊತ್ತುಂಟು."

"ಕಂಪ್ಯೂಟರಿಗೆ ಗೊತ್ತಿಲ್ಲ."

"ಅದಕ್ಕೆ ನಾನು ಹೇಳುದು, ಒಮ್ಮೆ ಆಫ್ ಮಾಡು ಅಂತ."

ಸನ್ಮತಿ ಬೆಳಗ್ಗಿನದ್ದಕ್ಕೆ ಬೆಳಿಗ್ಗೆ ಎಂದೂ ಸಂಜೆಯದ್ದಕ್ಕೆ ಸಂಜೆ ಎಂದೂ ಸೇರಿಸಿ ಹೆಸರಿಟ್ಟಳು. ಹೆಸರು ಬದಲಾದ್ದರಿಂದ ನಾನು ಬರೆದ ಕಡೆಯಲ್ಲೆಲ್ಲ ಹಳೆಯ ಹೆಸರಿನ ಸಾಮಾನು ಸಿಗುತ್ತಿಲ್ಲ ಎಂದು ಯಂತ್ರ ಇನ್ನೊಂದು ಪುಟ ಕೆಂಪು ಕಾರಿತು. ಅದನ್ನೂ ಒಂದೊಂದಾಗಿ ತಿದ್ದಿದೆ. ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಕಂಡಕ್ಟರುಗಳು ಬೆಳ್ತಂಗಡಿ ಬೆಳ್ತಂಗಡಿ ಎಂದು ಕೂಗುವುದು ನನಗೆ ಬಿ.ಎಡ್. ಬಿ.ಎಡ್. ಎಂದು ಕೇಳತೊಡಗಿತ್ತು. ಗಂಗಾಧರಣ್ಣನ ಫೋನಿಗೆ ಮಂಗಳೂರಿನ ಅಕ್ಕನ ಮಗ ಬೇರೆ ಎರಡೆರಡು ಸಲ ಕರೆ ಮಾಡಿದ. "ಇಲ್ಲ ಮಾರಾಯ, ಇಲ್ಲಿ ಇನ್ನೂ ಹೆಸರಿಡುವ ಕಾರ್ಯಕ್ರಮವೇ ಮುಗೀಲಿಲ್ಲ," ಎಂದು ಅವರು ನಮಗೆ ಕೇಳುವ ಹಾಗೆಯೇ ಹೇಳಿದರು.

ಒತ್ತಿದೆ. ಮೂರನೆಯ ತಕರಾರು. ಇದು ಮಾತ್ರ ನಿಜವಾಗಿ ಘನವಾದದ್ದು. ಸಂಜೆಯ ಹಸಿರು ಬಸ್ಸಿನ ಚಿತ್ರ ಪಿಎನ್‌ಜಿ ಎಂದು ಹೇಳಿಕೊಳ್ಳುತ್ತದೆ, ಆದರೆ ಅದರ ಒಳಗೆ ಪಿಎನ್‌ಜಿಯ ಗುರುತೇ ಇಲ್ಲ ಎಂದು ಯಂತ್ರದ ಆರೋಪ. ಸನ್ಮತಿ ಮುಖ ಸಣ್ಣ ಮಾಡಿದಳು. "ಕಡತ ಹಾಳಾಗಿರ್ಬೇಕು. ಫೋಟೋವೇ ಹೊಸತು ತೆಗೀಬೇಕು. ಸಂಜೆಯ ಬಸ್ಸು ಸಂಜೆಯೇ ಬರುದು," ಎಂದಳು. ನಾನು ಬಿಡಲಿಲ್ಲ. ಹಾಳಾದ ಚಿತ್ರ ತೆರೆಯುವುದಿಲ್ಲ. ಇದು ಚೆನ್ನಾಗಿ ತೆರೆಯುತ್ತದೆ, ಬಸ್ಸಿನ ಮೂತಿಗೆ ಹಾಕಿದ ಸೇವಂತಿಗೆ ಮಾಲೆಯೂ ಕಾಣುತ್ತದೆ. ಹಾಗಾದರೆ ಚಿತ್ರ ಸರಿ ಇದೆ, ಹೆಸರು ಸುಳ್ಳು ಹೇಳುತ್ತಿದೆ. ಇದು ತರ್ಕ.

"ಗಂಗಾಧರಣ್ಣ, ಈ ಹಸಿರು ಬಸ್ಸಿನ ಫೋಟೋಕ್ಕೆ ನೀವು ಏನಾದ್ರೂ ಮಾಡಿದ್ರಾ?"

"ನಾನೇನು ಮಾಡುದು? ಮೊನ್ನೆ ಈ ಸನ್ಮತಿ ಫೋನಿನಲ್ಲಿ ಹೇಳಿದಳಲ್ಲ, ಕೊನೆಯಲ್ಲಿ ಪಿಎನ್‌ಜಿ ಅಂತ ಇರ್ಬೇಕು ಅಂತ. ಕೊನೆಯಲ್ಲಿ ಬೇರೆ ಎಂತದೋ ಇತ್ತು. ಅಳಿಸಿ ಪಿಎನ್‌ಜಿ ಅಂತ ಬರೆದೆ. ಒಂದಕ್ಕೆ ಬರೆದು ಸಾಕಾಯ್ತು, ಉಳಿದದ್ದನ್ನು ಹಾಗೆಯೇ ಕಳಿಸಿದೆ."

ಗೆಲುವಿನ ಮುಂಚಿನ ಕ್ಷಣದ ರುಚಿ ಚರ್ಚಾಸ್ಪರ್ಧೆಯವರಿಗೆ ಮಾತ್ರ ಗೊತ್ತು. ನಾನು ಎದ್ದು ನಿಂತೆ. ಕೂತು ಹೇಳಬಹುದಾಗಿತ್ತು, ಆದರೆ ಇಂಥದ್ದನ್ನು ಕೂತು ಹೇಳಬಾರದು.

"ಗಂಗಾಧರಣ್ಣ, ಆ ಹಸಿರು ಬಸ್ಸನ್ನು ನೀವು ಬೇರೆಯವರಿಂದ ತೆಗೊಂಡದ್ದಲ್ವಾ? ಮೊದಲು ಅದರ ಹೆಸರು ಏನಿತ್ತು?"

"ಶ್ರೀಲಹರಿ. ನಾನು ಬೋರ್ಡು ಅಳಿಸಿ ಮಗಳ ಹೆಸರು ಬರೆಸಿದೆ. ಮೈತ್ರೇಯಿ."

"ಬೋರ್ಡು ಬದಲಿಸಿದ ಕೂಡಲೇ ಆರ್‌ಟಿಓದವರು ಅದನ್ನು ಹೊಸ ಬಸ್ಸು ಅಂತ ಒಪ್ಪಿದ್ರಾ?"

"ಅವರು ಬೋರ್ಡು ನೋಡುದಾ? ಅಡಿಗೆ ಬಗ್ಗಿ ಚಾಸಿಸ್ ನಂಬರ್ ನೋಡ್ತಾರೆ."

"ಈ ಕಂಪ್ಯೂಟರೂ ಅಡಿಗೆ ಬಗ್ಗಿ ನೋಡುವ ಜಾತಿ. ನೀವು ಬೋರ್ಡು ಮಾತ್ರ ಬದಲಿಸಿದ್ದೀರಿ."

ಗಂಗಾಧರಣ್ಣ ಪರದೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಬಗ್ಗಿ ಕಂಪ್ಯೂಟರಿನ ಅಡಿಯನ್ನೊಮ್ಮೆ ನೋಡಿದರು. ಓದುಗರೇ, ಕಾಲೇಜಿನ ಅಂತಿಮ ಸುತ್ತಿನಲ್ಲಿ ಸಭಾಂಗಣವಿಡೀ ಚಪ್ಪಾಳೆ ತಟ್ಟಿದಾಗಲೂ ನನಗೆ ಇಷ್ಟು ಸುಖವಾಗಿರಲಿಲ್ಲ. ಸನ್ಮತಿ ಆ ಚಿತ್ರವನ್ನು ಸರಿಯಾದ ಕ್ರಮದಲ್ಲಿ, ಒಳಗಿನಿಂದಲೇ, ನಿಜವಾದ ಪಿಎನ್‌ಜಿಯಾಗಿ ಮಾಡಿಕೊಟ್ಟಳು. ಹಳೆಯದನ್ನು ತೆಗೆದು ಹೊಸದನ್ನು ಇಟ್ಟಳು. ನಾನು ತೆರೆದು ಪರೀಕ್ಷಿಸಿದೆ. ನೂರಕ್ಕೆ ನೂರು ಸರಿ. ಬೆರಳನ್ನು ಸ್ವಲ್ಪ ಮೇಲೆತ್ತಿ, ತೀರ್ಪು ಓದುವವರ ಗತ್ತಿನಲ್ಲಿ, ಒತ್ತಿದೆ.

ಕೆಂಪು. ಅದೂ ಹೊಸ ಕೆಂಪಲ್ಲ. ಅದೇ ಹಸಿರು ಬಸ್ಸು, ಅದೇ ಆರೋಪ, ಅದೇ ಅಕ್ಷರ.

ಮತ್ತೆ ಒತ್ತಿದೆ. ಅದೇ. ಕಡತವನ್ನು ಮತ್ತೆ ತೆರೆದು ನೋಡಿದೆ. ಸರಿಯಿದೆ. ಒತ್ತಿದೆ. ಅದೇ. ಸರಿಯಿರುವುದನ್ನು ಸರಿಯಿಲ್ಲ ಎನ್ನುವ ಎದುರಾಳಿಯ ಮುಂದೆ ತರ್ಕ ಏನು ಮಾಡೀತು? ನಾನು ಪರದೆಗೆ ಬೆರಳು ತೋರಿಸಿ, "ಇದು ಅಸಾಧ್ಯ. ನಿನ್ನ ಆರೋಪಕ್ಕೆ ಈಗ ಆಧಾರವೇ ಇಲ್ಲ," ಎಂದು ಜೋರಾಗಿ ಹೇಳಿದೆನಂತೆ. ಇದು ಸನ್ಮತಿಯ ಸಾಕ್ಷ್ಯ; ನನಗೆ ನೆನಪಿಲ್ಲ.

ಕಾರಣ ನನಗೆ ಹೊಳೆಯಲಿಲ್ಲ ಎಂದಲ್ಲ. ಯಂತ್ರ ಪ್ರತಿಸಲವೂ ಎಲ್ಲ ಸಾಮಾನನ್ನೂ ಹೊಸದಾಗಿ ನೋಡುವುದಿಲ್ಲ; ಒಮ್ಮೆ ನೋಡಿದ್ದನ್ನು ನೆನಪಿನಲ್ಲಿಟ್ಟುಕೊಂಡು ಸಮಯ ಉಳಿಸುತ್ತದೆ. ಕೆಲವೊಮ್ಮೆ ಆ ಹಳೆಯ ನೆನಪನ್ನೇ ಹಿಡಿದುಕೊಂಡು ಹಟಕ್ಕೆ ಬೀಳುತ್ತದೆ. ಕಣ್ಣೆದುರು ಮೈತ್ರೇಯಿ ನಿಂತಿದ್ದರೂ ಶ್ರೀಲಹರಿ ಎಂದೇ ಕರೆಯುವ ನಮ್ಮೂರಿನವರ ಹಾಗೆ. ಆಗ ನೆನಪನ್ನು ಒರೆಸಬೇಕು. ಒರೆಸುವ ಸುಲಭ ದಾರಿ ಯಾವುದು ಎಂದು ನೀವು ಕೇಳಬಾರದು. ಕೇಳಿದ್ದು ಸನ್ಮತಿ. ನನ್ನ ಕಿವಿಯ ಹತ್ತಿರ ಬಗ್ಗಿ, ಗಂಗಾಧರಣ್ಣನಿಗೆ ಕೇಳದ ಹಾಗೆ, "ಒಮ್ಮೆ ರೀಸ್ಟಾರ್ಟ್ ಮಾಡುವಾ?" ಎಂದಳು.

"ಈಗ ಮಾಡಿದ್ರೆ ಅವರು ಗೆದ್ದ ಹಾಗೆ ಆಗ್ತದೆ," ಎಂದೆ, ನಾನೂ ಪಿಸುಮಾತಿನಲ್ಲಿ.

"ಮಾಡದಿದ್ರೆ ನೀನು ಬಿ.ಎಡ್.ಗೆ ಹೋದ ಹಾಗೆ ಆಗ್ತದೆ ವಕೀಲ್ರೇ."

"ಸ್ವಲ್ಪ ನಿಲ್ಲು. ಬೇರೆ ದಾರಿ ಉಂಟು. ಅವರು ಒಮ್ಮೆ ಹೊರಗೆ ಹೋಗ್ಲಿ."

ಅವರು ಹೊರಗೆ ಹೋಗುವ ಲಕ್ಷಣವಿರಲಿಲ್ಲ. ಎದ್ದು ಗೋಡೆಯ ಬಳಿಗೆ ಹೋಗಿ ಬೆನ್ನು ಹಾಕಿ ನಿಂತು ಏನೋ ತಡಕಾಡುತ್ತಿದ್ದರು. ಅಕ್ಕನ ಮಗನ ಜೊತೆ ಮಾತಾಡಿ ಮಾತಾಡಿ ಅವರ ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು. ಆಪ್ ತೋರಿಸಬೇಕಾದ ಫೋನೇ ಸತ್ತರೆ ಸಭೆಯಲ್ಲಿ ಏನು ತೋರಿಸುವುದು? ಕಿಸೆಯಿಂದ ಚಾರ್ಜರ್ ತೆಗೆದರು. ಓದುಗರೇ, ಆ ಪ್ಲಗ್ಗನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ನಮ್ಮ ಗೋಡೆಯಲ್ಲಿ ನಡೆಯುವುದು ಅದೊಂದೇ. ಟಕ್ ಎಂದಿತು. ಯುಪಿಎಸ್ ಕಿರುಚಿತು. ಪರದೆ ಕಪ್ಪಾಯಿತು.

"ಗಂಗಾಧರಣ್ಣ!"

"ಎಂತಾಯ್ತು? ನಾನು ಇದನ್ನು ಚೂರು..." ಎಂದು ಅವರು ಗಾಬರಿಯಿಂದ ಚಾರ್ಜರ್ ಕಿತ್ತು, ನಮ್ಮ ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಸ್ವಿಚ್ ಹಾಕಿದರು. ಕಂಪ್ಯೂಟರು ಆಕಳಿಸಿಕೊಂಡು ಎದ್ದಿತು. ನಾನು ಎಲ್ಲವನ್ನೂ ತೆರೆದೆ. ಒತ್ತಿದೆ. ಹಸಿರು.

ಹಸಿರು ಎಂದರೆ ಎಂಥ ಹಸಿರು! ಗಂಗಾಧರಣ್ಣನ ಫೋನನ್ನು ಕಂಪ್ಯೂಟರಿಗೇ ಜೋಡಿಸಿ ಆಪ್ ಹಾಕಿದೆವು. ಹಾಗೆಯೇ ಒಂದಿಷ್ಟು ಚಾರ್ಜೂ ಆಯಿತು. ತೆರೆದು, ಪರೀಕ್ಷೆಗೆಂದು ಸಂಜೆಯ ಏಳು ಹತ್ತರದ್ದನ್ನು ಓಡಿಸಿದರೆ ಸಿದ್ದಕಟ್ಟೆಯ ರಸ್ತೆಯ ಮೇಲೆ ಬಸ್ಸಿನ ಮೂತಿ, ಮಾಲೆ ಹಾಕಿಕೊಂಡು, ಮೂಡುಬಿದಿರೆಯ ಕಡೆಗೆ ಮೆಲ್ಲಗೆ ಸರಿಯುತ್ತಿದೆ. ಸನ್ಮತಿ ನನ್ನ ಬೆನ್ನಿಗೆ ಗುದ್ದಿದಳು. ಗಂಗಾಧರಣ್ಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಓ ಮೈತ್ರೇಯಿ!" ಎಂದರು. ಬಸ್ಸನ್ನೋ ಮಗಳನ್ನೋ ಕರೆದದ್ದು ತಿಳಿಯಲಿಲ್ಲ. ಬಾಗಿಲು ದಾಟುವ ಮುಂಚೆ ತಿರುಗಿ ನಿಂತು, ಪೂರ್ತಿ ಕನ್ನಡದಲ್ಲಿ, ಆಫೀಸಿನ ಎಲ್ಲ ಮರ್ಯಾದೆಯೊಂದಿಗೆ ಹೇಳಿದರು: "ನೋಡಿ ಮೇಡಮ್, ನಾನು ಬಂದ ಕೂಡಲೇ ಹೇಳಿದ್ದೆ."

ಬೆಳ್ತಂಗಡಿಯ ಸಭೆಯಲ್ಲಿ ಆಪ್ ಗೆದ್ದಿತು. ಉಳಿದ ಮಾಲೀಕರೂ ಒಪ್ಪಿದರು. ಈಗ ಅವರೆಲ್ಲರ ಬಸ್ಸುಗಳ ಮೋರೆಗಳು ನಮ್ಮ ಸಾಮಾನಿನ ಕೋಣೆಯಲ್ಲಿವೆ, ಅಕ್ಷರದಿಂದಲೇ ಶುರುವಾಗುವ ಹೆಸರುಗಳೊಂದಿಗೆ. ಎರಡನೆಯ ಪ್ಲಗ್ಗು ಹಾಕಿಸಿದ್ದೇವೆ. ಮಂಗಳೂರಿನ ಅಕ್ಕನ ಮಗ ಏಸಿಯಲ್ಲಿಯೇ ಇದ್ದಾನೆ. ಬಿ.ಎಡ್. ವಿಷಯ ನಮ್ಮ ಮನೆಯಲ್ಲಿ ಸದ್ಯಕ್ಕೆ ಏಳುವುದಿಲ್ಲ. ಆದರೆ ಸಭೆಯಲ್ಲಿ ಗಂಗಾಧರಣ್ಣ ಆಪ್ ತೋರಿಸುವುದರ ಜೊತೆಗೆ ಆಪ್ ಸರಿಮಾಡಿದ ಕಥೆಯನ್ನೂ ಹೇಳಿದರು. ಮಾಲೀಕರು ಡ್ರೈವರುಗಳಿಗೆ ಹೇಳಿದರು. ಆಮೇಲೆ ಅದು ಬಸ್ಸಿನ ವೇಗದಲ್ಲಿಯೇ ಹೋಯಿತು. ಅಮ್ಮನಿಗೂ ತಲುಪಿತು. "ಗಂಗಾಧರಣ್ಣ ಹೊತ್ತಿಗೆ ಸರಿಯಾಗಿ ಬಂದ್ರಲ್ಲ, ಪುಣ್ಯ," ಎಂದರು.

ನನ್ನ ಪಕ್ಷವನ್ನು ಮುಗಿಸುತ್ತೇನೆ. ಅಂಕೆಯ ಹೆಸರು ಹಿಡಿದವಳು ನಾನು. ಎರಡು ಏಳು ಹತ್ತುಗಳನ್ನು ಬೇರೆ ಮಾಡಿಸಿದವಳು ನಾನು. ಬೋರ್ಡು ಬದಲಿಸಿದ ಚಿತ್ರವನ್ನು ಚಾಸಿಸ್ ಸಮೇತ ಹಿಡಿದವಳು ನಾನು. ಇದೆಲ್ಲ ಆಗದೆ ಸ್ವಿಚ್ಚೊಂದರಿಂದ ಆಪ್ ಓಡುವುದಾಗಿದ್ದರೆ ಬೆಳಿಗ್ಗೆ ಕರೆಂಟು ಹೋಗಿ ಬಂದಾಗಲೇ ಓಡಬೇಕಿತ್ತು. ಓಡಲಿಲ್ಲ. ಹಾಗಾಗಿ ಗೆದ್ದದ್ದು ನಾನು, ಇದರಲ್ಲಿ ಸಂಶಯವಿಲ್ಲ. ಮೊನ್ನೆ ಸಂಜೆ ಬಸ್ಸು ನಿಲ್ದಾಣದಲ್ಲಿ ಗಂಗಾಧರಣ್ಣ ಸಿಕ್ಕಿದಾಗ ಇಷ್ಟನ್ನೂ ಉಸಿರು ಬಿಡದೆ ಹೇಳಿ, "ನೀವು ಸ್ವಿಚ್ ಆರಿಸಿದ್ದು ನಿಮ್ಮ ಫೋನ್ ಚಾರ್ಜಿಗೆ ಹಾಕ್ಲಿಕ್ಕೆ, ಅಲ್ವಾ?" ಎಂದು ಕೊನೆಯ ಬಾಣ ಬಿಟ್ಟೆ. ಅವರು ಒಂದಿಷ್ಟೂ ಅಲುಗಲಿಲ್ಲ. "ಹೌದು. ನಾನು 'ಅಲ್ಲ' ಅಂತ ಯಾರಿಗೂ ಹೇಳ್ಲಿಲ್ಲವಲ್ಲ. ಆದ್ರೆ ಒಂದು ಕೇಳ್ತೇನೆ. ನಾನು ಆರಿಸದೆ ಇರ್ತಿದ್ರೆ ನೀನು ಆರಿಸ್ತಿದ್ದೆಯಾ?" ಎಂದರು.

"ಖಂಡಿತ ಆರಿಸ್ತಿದ್ದೆ," ಎಂದೆ. ತಕ್ಷಣ ಎಂದೆ. ತುಸು ಹೆಚ್ಚೇ ತಕ್ಷಣ ಎಂದೆನೇನೋ. ಅವರು ನಕ್ಕು, ಬಸ್ಸು ಹತ್ತಿ ಹೋದರು.

ಅದನ್ನು ದೃಢಪಡಿಸಬಲ್ಲ ಸಾಕ್ಷಿ ಜಗತ್ತಿನಲ್ಲಿ ಒಬ್ಬಳೇ. ಅವಳು ಆಗ ನನ್ನ ಪಕ್ಕದಲ್ಲಿಯೇ ನಿಂತು, ಸಿದ್ದಕಟ್ಟೆಯ ಕಡೆ ಹೋಗುವ ಬಸ್ಸಿನ ಮೋರೆ ಕಾಣುತ್ತದೆಯೇ ಎಂದು ರಸ್ತೆಯ ತಿರುವನ್ನೇ ನೋಡುತ್ತಿದ್ದಳು. ಆಪ್ ಇರುವಾಗ ತಿರುವನ್ನು ನೋಡುವುದೇಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದು ಬೇರೆಯೇ.

"ಸನ್ಮತಿ, ನೀನಾದ್ರೂ ಹೇಳು ಮಾರಾಯ್ತಿ. ಆವತ್ತು ಅವರು ಹೊರಗೆ ಹೋಗಿದ್ರೆ ನಾನು ರೀಸ್ಟಾರ್ಟ್ ಮಾಡ್ತಿದ್ದೆ, ಅಲ್ವಾ?"